ಬರ್ಕಾದ ಮನೆಯನ್ನು ಬೇಡವೆಂದದ್ದು

ಮತ್ರಾ, ೧೬ ನವೆಂಬರ್ ೨೦೦೭, ಶುಕ್ರವಾರ

ಬೇಡವೆಂದವನು ನಾನೇ. ನಾವಿರುವ ಈ ಕಟ್ಟಡವನ್ನು ಕೆಡವುತ್ತಾರೆ, ತಿಂಗಳ ಕೊನೆಗೆ ಬಿಡಬೇಕು. ಗಲ್ಫಿನ ಈ ಊರಿನ ಹೊಸ ಬಾಡಿಗೆಗಳು ಅಳಿಯ ಯಶೋಧರನ ಸಂಬಳಕ್ಕೆ ಎಟುಕುವುದಿಲ್ಲ. ಆದುದರಿಂದ ಬೆಳಿಗ್ಗೆ ಬರ್ಕಾಕ್ಕೆ ಹೋಗಿ ಮನೆ ನೋಡಿದೆವು. ಒಂದೇ ಹಜಾರಕ್ಕೆ ನಡುವೆ ಪ್ಲೈವುಡ್ ಹೊಡೆದು ಎರಡು ಸಂಸಾರಗಳಿಗೆ ಹಂಚಿದ್ದರು. ಹಲಗೆ ಕಿಟಕಿಯನ್ನೂ ಸೀಳಿತ್ತು. ನಮ್ಮ ಪಾಲಿಗೆ ಬಂದದ್ದು ತೆರೆಯಲಾಗದ ಅರ್ಧ. ಆಚೆ ಯಾರೋ ಕೆಮ್ಮಿದರೆ ಈಚೆ ಹಲಗೆ ಅದುರುತ್ತಿತ್ತು.

"ಇದು ಮನುಷ್ಯರು ವಾಸಿಸುವ ಸ್ಥಳವಲ್ಲ," ಎಂದೆ.

ಮನೆ ತೋರಿಸಿದ ದಲ್ಲಾಳಿ ದೂಮಪ್ಪ ನಕ್ಕ. "ಮತ್ತೆ ಆಚೆ ಇರುವವರು ಯಾರು ಮಾಸ್ಟ್ರೇ? ಬೇಗ ಹೇಳಿ, ಇನ್ನೊಂದು ಫ್ಯಾಮಿಲಿ ಕಾಯ್ತಾ ಉಂಟು."

ಯಶೋಧರ ನನಗೆ ಎಂದೂ ಎದುರಾಡಿದವನಲ್ಲ. "ಮಾವ ಬೇಡ ಅಂದ್ರೆ ಬೇಡ," ಎಂದು ಕಾರು ತಿರುಗಿಸಿದ.

ಊಟಕ್ಕೆ ಕುಳಿತಾಗ ಅವನೇ ಮೆಲ್ಲನೆ ಹೇಳಿದ: "ಬೇರೆ ಎಲ್ಲಿಯೂ ಸಿಗುವುದಿಲ್ಲ ಮಾವ. ನಾನು ಬ್ಯಾಚುಲರ್ ರೂಮಿಗೆ ಹೋಗ್ತೇನೆ. ಸುನಂದಾ, ಮಗು, ನೀವು ಊರಿಗೆ ಹೊರಡಿ." ಮಗಳು ತಟ್ಟೆಯಿಂದ ತಲೆಯೆತ್ತಲಿಲ್ಲ. ಮೊಮ್ಮಗಳು ಅಪ್ಪನ ತೋಳಿಗೆ ಒರಗಿ ಕುಳಿತಳು.

ಯಾರನ್ನೂ ಏನನ್ನೂ ಬೇಡಿದವನಲ್ಲ ನಾನು. ಎದ್ದು ದೂಮಪ್ಪನಿಗೆ ಫೋನು ಮಾಡಿ, ಆ ಮನೆಯನ್ನೇ ಕೊಡಿಸಪ್ಪಾ ಎಂದು ಬೇಡಿಕೊಂಡೆ.

"ಖಲಾಸ್ ಮಾಸ್ಟ್ರೇ. ಅವರು ಸಾಮಾನು ಇಳಿಸಿ ಆಯ್ತು."

ಒಳಗೆ ಸುನಂದಾ ಬಟ್ಟೆ ಮಡಚುತ್ತಿದ್ದಾಳೆ. ಗಂಡನ ಅಂಗಿಗಳನ್ನು ಬೇರೆಯೇ ಇಡುತ್ತಿದ್ದಾಳೆ. ಹೋಗಿ ಒಂದು ಮಾತು ಆಡಬೇಕು. ಏನೆಂದು ಆಡಲಿ?