ಟ್ಯಾಂಕಿಗೆ ಮೆತ್ತಿದ ಸಾಬೂನು

ರೀ,

ನೀವು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ನಿಮ್ಮ ಹಳೇ ಕಾರನ್ನು ರಿಪೇರಿಗೆ ಕೊಟ್ಟೆ. ಗಾಂಧಿನಗರದ ಮೆಕ್ಯಾನಿಕ್ ಪಂಪಾವತಿ ಕಾರಿನಡಿ ನುಸುಳಿ ನೋಡಿದ.

"ಟ್ಯಾಂಕ್ ಸೀಳೈತ್ರಿ ಅಕ್ಕಾ. ಪೆಟ್ರೋಲ್ ಸೋರಬಾರದಂತ ಯಾರೋ ಸಾಬೂನು ಮೆತ್ಯಾರ."

ನಾನೂ ಬಗ್ಗಿ ನೋಡಿದೆ. ಗುಲಾಬಿ ಬಣ್ಣದ ಸಾಬೂನು. ನಮ್ಮ ಮನೆಗೆ ಹಸಿರು ಬಿಟ್ಟು ಬೇರೆ ಸಾಬೂನು ಬಂದದ್ದೇ ಇಲ್ಲ. ಅದರಲ್ಲಿ ಒತ್ತಿದ ಬೆರಳಿನ ಗುರುತು ಸಣ್ಣದು, ಉದ್ದ ಉಗುರಿನದು, ನಿಮ್ಮದಲ್ಲ. ಭತ್ತದ ವ್ಯಾಪಾರವೆಂದು ವಾರವಾರವೂ ಸಿರುಗುಪ್ಪಕ್ಕೆ ಹೋಗುತ್ತಿದ್ದಿರಲ್ಲ, ಅಲ್ಲಿ ಯಾರದು ಆ ಕೈ?

ಪಂಪಾವತಿ ಬೇಡವೆಂದರೂ ನಾನೇ ಅದನ್ನು ಕೆರೆದು ಬಿಸಾಡಿದೆ. ಸೀರೆಗೆಲ್ಲ ಪೆಟ್ರೋಲ್ ಹತ್ತಿತು.

ಅವಳು ನಿಮ್ಮ ಕಾರಿನಡಿ ನುಸುಳಿದ್ದಾಳೆ. ನಾನು ಪೆಟ್ರೋಲ್ ವಾಸನೆಯೆಂದು ಹನ್ನೆರಡು ವರ್ಷದಿಂದ ಅದನ್ನು ಹತ್ತಿಯೇ ಇರಲಿಲ್ಲ.