ರೊಟ್ಟಿ ಯಾಕ ದಪ್ಪ ಆಗ್ತಾವ

ಕಾಂತೇಶ,

ಯಾದಗಿರಿ ದವಾಖಾನಿಗೆ ಹೊಂಟೀನಿ, ಸಂಜಿ ಬಸ್ಸಿಗೆ ಬರ್ತೀನಿ. ಪುಂಡಿಪಲ್ಯ ಒಲಿ ಮ್ಯಾಲದ, ಬಿಸಿ ಮಾಡ್ಕೊ. ಮಿಕ್ಸರ್ ಚಾಲೂ ಆಗಲಿಲ್ಲಂದ್ರ ಅದಕ್ಕ ‘ಮೆಂಟಲ್’ ಅನಬ್ಯಾಡ, ಮೊದಲ ಪ್ಲಗ್ ನೋಡು. ನಿನ್ನೆ ಮಿಕ್ಸರ್, ಮೊನ್ನಿ ಬಾಜೂ ಮನಿ ಹುಂಜ, ಅದರ ಹಿಂದಿನ ದಿನ ಮ್ಯಾಚಿನ ಅಂಪೈರ್. ಊರಾಗ ಶ್ಯಾಣ್ಯಾ ಉಳಿದಾಂವ ನೀ ಒಬ್ಬನೇ ನೋಡಪಾ.

ನನ್ನ ಡಬ್ಬ್ಯಾಗಿನ ಗುಳಿಗಿ ತಲಿನೋವಿಂದು ಅಂತ ಸುಳ್ಳು ಹೇಳಿದ್ದೆ. ಅವು ಮನಸಿನ ಡಾಕ್ಟರ್ ಬರಕೊಟ್ಟಿದ್ದು, ಎರಡು ವರ್ಷದಿಂದ ತೊಗೊಳ್ಳಾಕತ್ತೀನಿ. ನೀ ಆ ಮಾತು ಅಂದಾಗೊಮ್ಮೆ ರೊಟ್ಟಿ ಬಡಿಯೋ ನನ್ನ ಕೈ ನಿಲ್ತದ. ರೊಟ್ಟಿ ದಪ್ಪ ಆದ್ವು ಅಂತ ಮತ್ತ ನೀನೇ ಬೈತಿ.

ಇವತ್ತಿನವು ತೆಳ್ಳಗ ಆಗ್ಯಾವ. ಬಡಿಯುವಾಗ ನೀ ಇನ್ನೂ ಮಲಗಿದ್ದಿ.

ಅಕ್ಕ