ನಿಮ್ಮ ಹೆಸರಿನಲ್ಲಿ ನಾನು ಕೇಳಿದ ಪಾಠ

ಅನ್ಸಾನ್
ನವೆಂಬರ್ 18, ಮಂಗಳವಾರ

ಸೊಲ್ಹಾಳ ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ನಿಮ್ಮ ಕ್ಷೇಮ ವಿಚಾರಿಸುವ ಕಷ್ಟ ನನಗಿಲ್ಲ. ಷೇರುಪೇಟೆ ಮತ್ತೆ ಏರಿದೆ ಎಂದು ಟಿವಿಯವರು ಹೇಳಿದರು. ಅಲ್ಲಿಗೆ ನೀವು ಹೇಗಿದ್ದೀರಿ ಎಂದು ಗೊತ್ತಾಯಿತು.

ಮಗಳು ಸೊಲ್ಹಾಳ ಕೈಲಿ ಕಳಿಸಿದ ಚೀಟಿ ಸಿಕ್ಕಿತು. ಬೇರೆಯಾದ ಎಂಟು ತಿಂಗಳಲ್ಲಿ ನಿಮ್ಮಿಂದ ಬಂದ ಮೊದಲ ಕಾಗದ, ಅದರಲ್ಲೂ ಬೇಡಿಕೆಯೇ. ಪೇಟೆ ಬಿದ್ದರೆ ಎರಡರಷ್ಟು ಕೊಡುವ, ಎದ್ದರೆ ಎರಡರಷ್ಟು ಕಿತ್ತುಕೊಳ್ಳುವ ನಿಮ್ಮ ಆ ಇಟಿಎಫ್ ಎಂಬ ಹೂಡಿಕೆ ನಿಧಿಗೆ ಸರ್ಕಾರ ಬಿಗಿ ನಿಯಮ ತರಲಿದೆಯಂತೆ. ಗುರುವಾರ ರಾಜಧಾನಿ ಸೋಲ್‌ನಲ್ಲಿ ಅಹವಾಲು ಸಭೆ, ಸಣ್ಣ ಹೂಡಿಕೆದಾರರ ಪರವಾಗಿ ನಿಮ್ಮದೇ ಭಾಷಣ. "ನಾವೇನ್ ಎಳೇ ಮಕ್ಕಳಾ? ಪಾಠ ಕೇಳಿ ಸರ್ಟಿಫಿಕೇಟ್ ತಗೊಂಡಿದ್ದೀವಿ. ನಮ್ ದುಡ್ಡು, ನಮ್ಮಿಷ್ಟ" ಎಂದು ಗುಡುಗುತ್ತೀರಂತೆ. "ಬಸ್ಸಿನ ಕೆಲಸ ಹೋದಮೇಲೆ ನಾಲ್ಕು ಜನ ನನ್ನ ಮಾತು ಕೇಳುವ ದಿನ ಅದೊಂದೇ, ಆ ಸರ್ಟಿಫಿಕೇಟ್ ಹುಡುಕಿ ಕಳಿಸು" ಎಂದು ಬೇಡಿಕೊಂಡಿದ್ದೀರಿ. ನೀವು ಬೇಡಿಕೊಂಡದ್ದನ್ನು ನಾನು ಎರಡು ಸಲ ಓದಿದೆ. ಹಿತವಾಗಿತ್ತು.

ಪಾಠ ಕೇಳಿದವರು ಯಾರು, ಹೇಳಿ? ಆ ಇಟಿಎಫ್ ಕೊಳ್ಳುವ ಮೊದಲು ಎಲ್ಲರೂ ಕಂಪ್ಯೂಟರಿನಲ್ಲಿ ಒಂದು ಗಂಟೆಯ ಪಾಠ ನೋಡಲೇಬೇಕು, ಮುಗಿಸಿದ ಸಂಖ್ಯೆ ಇಲ್ಲದೆ ಖಾತೆ ತೆರೆಯುವುದಿಲ್ಲ. ನೀವು ಹೊದ್ದು ಮಲಗಿ, "ಅದನ್ನ ನೀನೇ ಓಡಿಸಿಬಿಡೇ, ಎಲ್ಲರ ಮನೇಲೂ ಹೆಂಡ್ತೀರೇ ಓಡಿಸೋದು" ಎಂದಿರಿ. ಮಾರನೆಯ ದಿನದ ವ್ಯಾಪಾರಕ್ಕೆ ನಾನು ಮೂಲಂಗಿ ಕಿಮ್ಚಿಗೆ ಖಾರ ಕಲಸುತ್ತಿದ್ದೆ. ಕೈ ತೊಳೆದುಕೊಂಡು ಬಂದು ಕೂತೆ. ಸುಮ್ಮನೆ ಓಡಲು ಬಿಡೋಣವೆಂದರೆ ಆ ಹಾಳು ಪಾಠ ಹತ್ತು ನಿಮಿಷಕ್ಕೊಮ್ಮೆ ನಿಂತು ಪ್ರಶ್ನೆ ಕೇಳುತ್ತದೆ. ಹಾಗಾಗಿ ಕಿವಿಗೊಟ್ಟು ಕೇಳಿದೆ.

ಮೇಷ್ಟ್ರು ಚೆನ್ನಾಗಿ ಹೇಳಿಕೊಟ್ಟರು ರೀ. ಇದು ಒಂದು ದಿನದ ಲೆಕ್ಕದ ಸರಕು, ತಿಂಗಳುಗಟ್ಟಲೆ ಇಟ್ಟುಕೊಂಡರೆ ಕರಗುತ್ತದೆ. ಪೇಟೆ ಏರಿ ಇಳಿದು ಹೊರಟ ಜಾಗಕ್ಕೇ ಬಂದು ನಿಂತರೂ ನಿಮ್ಮ ಹಣ ಸವೆದಿರುತ್ತದೆ ಎಂದರು. ಹಾಕಲು ಹೊರಟಿದ್ದದ್ದು ನನ್ನದೇ ಒಂದು ಅಂಗಡಿ ಹಿಡಿಯುವ ಮುಂಗಡಕ್ಕೆ ನಾನು ಹನ್ನೊಂದು ವರ್ಷ ಕೂಡಿಸಿದ ಹಣ. ಓಡಿ ಬಂದು, "ರೀ, ಇದನ್ನ ಇಟ್ಕೊಂಡು ಕೂರಬಾರದಂತೆ" ಎಂದೆ. ನೀವು ಸ್ನೇಹಿತ ಗ್ಯುತೇಕ್‌ನೊಡನೆ ಫೋನಿನಲ್ಲಿದ್ದಿರಿ. "ಕೇಳಿದ್ಯೇನೋ? ಮೂಲಂಗಿ ಹೆಚ್ಚೋಳು ನಂಗೆ ಪೇಟೆ ಪಾಠ ಹೇಳೋಕೆ ಬಂದವ್ಳೆ!" ಎಂದು ಅವನಿಗೆ ಹೇಳಿ ನಕ್ಕಿರಿ. ಅವನೂ ನಕ್ಕದ್ದು ನನಗೆ ಕೇಳಿಸಿತು. ಹಿಂದಿರುಗಿ ಹೋಗಿ ಉಳಿದ ಪ್ರಶ್ನೆಗಳಿಗೆ ಉತ್ತರ ಒತ್ತಿದೆ, ಎಲ್ಲವೂ ಸರಿಯಾದವು.

ಆಮೇಲೆ ಹದಿನಾಲ್ಕು ತಿಂಗಳು ದೇಶ ಹಾಳಾಗಲಿ ಎಂದು ಕಾಯುತ್ತಾ ಕೂತಿರಿ. ನನ್ನ ತಮ್ಮನ ಕಾರ್ಖಾನೆ ಮುಚ್ಚಿದ ಸಂಜೆ ಪೇಟೆ ಬಿದ್ದಿತ್ತು. ನೀವು ಕರಿದ ಕೋಳಿ, ಬಿಯರ್ ತಂದು, "ತಿನ್ನೇ, ಇವತ್ತು ನಮ್ ದಿನ" ಎಂದಿರಿ. ಅವನು ಆಗ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ನಾನು ತಿಂದೆ. ಒಂದು ತುಂಡನ್ನೂ ಬಿಡಲಿಲ್ಲ.

ಬೇಸಿಗೆಯಲ್ಲಿ ಒಂದು ದಿನ ನೀವು ತಲೆ ಕೆರೆಯುತ್ತಾ ಕೇಳಿದಿರಿ: "ಅಲ್ವೇ, ನಾನು ಕೊಂಡಾಗ ಪೇಟೆ ಎಲ್ಲಿತ್ತೋ ಅಲ್ಲೇ ಬಂದು ನಿಂತಿದೆ. ನನ್ ದುಡ್ಡು ಮಾತ್ರ ಯಾಕೆ ಕಮ್ಮಿಯಾಗಿದೆ?" ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಆ ದಿನ ಮಾರಿದ್ದರೆ ಮುಕ್ಕಾಲು ಪಾಲಾದರೂ ಉಳಿಯುತ್ತಿತ್ತು. "ನಂಗೇನ್ ಗೊತ್ತು ರೀ, ಇನ್ನೂ ಸ್ವಲ್ಪ ಕಾಯಿರಿ" ಎಂದೆ. ನೀವು ಕಾದಿರಿ. ಪೇಟೆ ಏರಿತು, ಮತ್ತೆ ಏರಿತು. ನೀವು ಊಟ ಬಿಟ್ಟಿರಿ, ನನಗೆ ಮಾತ್ರ ಚೆನ್ನಾಗಿ ಹಸಿವಾಗುತ್ತಿತ್ತು. ಕರಗಿದ್ದು ನನ್ನ ಹಣವೇ, ಗೊತ್ತಿದೆ. ಆದರೂ ಹೊಟ್ಟೆ ತಣ್ಣಗಾಯಿತು.

ಸರ್ಟಿಫಿಕೇಟ್ ಇದರೊಳಗಿದೆ. ಮಡಿಕೆ ಬೀಳದಂತೆ ರಟ್ಟು ಇಟ್ಟಿದ್ದೇನೆ. ನೀಲಿ ಕೋಟು ಹಾಕಿಕೊಳ್ಳಿ, ಕಂದು ಬಣ್ಣದ್ದರ ಕಂಕುಳು ಹರಿದಿದೆ.

ಇಂತಿ,
ಇನ್ನೂ ಕಾಗದದ ಮೇಲೆ ನಿಮ್ಮ ಹೆಂಡತಿಯಾಗಿರುವ
ಓಕ್ ಮ್ಯೊಂಗ್‌ಜಾ

ಮರೆತ ಮಾತು: ಅಂಚೆ ಕಚೇರಿಯ ಹುಡುಗಿ "ಅರ್ಜೆಂಟಾ, ಮಾಮೂಲಾ ಅಮ್ಮಾ?" ಎಂದಳು. ಮಾಮೂಲು ಎಂದೆ. ಶುಕ್ರವಾರ ತಲುಪುತ್ತದಂತೆ. ಅಷ್ಟರಲ್ಲಿ ನೀವು ಬರಿಗೈಯಲ್ಲಿ ಸಭೆಗೆ ಹೋಗಿ, ಎದುರು ಸಾಲಿನಲ್ಲಿ ನನ್ನನ್ನೂ ಸೊಲ್ಹಾಳನ್ನೂ ನೋಡಿ ಬಂದಿರುತ್ತೀರಿ. ನಿಯಮ ಬೇಕು ಎನ್ನುವವರು ನನ್ನನ್ನು ಕರೆದಿದ್ದಾರೆ, ನಿಮ್ಮ ನಂತರ ನನ್ನ ಸರದಿ. "ಗಂಡ ಹೇಳಿದ ಅಂತ ನಾನು ಕೂತೆ ಸ್ವಾಮಿ, ಆ ಪಾಠ ನನಗೆ ಒಂದಕ್ಷರ ಅರ್ಥವಾಗಲಿಲ್ಲ" ಎಂದು ಅಲ್ಲಿ ಅಳುತ್ತೇನೆ. ನನಗೆ ಎಲ್ಲವೂ ಅರ್ಥವಾಗಿತ್ತು ಎಂದು, ಸಭೆ ಮುಗಿದ ಮೇಲೆ, ನೀವು ಇನ್ನು ಯಾರಿಗೆ ಬೇಕಾದರೂ ಹೇಳಿಕೊಳ್ಳಿ.